ಗುಂದದ ಎರಡು ಹಲ್ಲಿಗಳು

ಜೊಯಿಡಾ ತಾಲ್ಲೂಕಿನ ಗುಂದಕ್ಕೂ ವಿಯೆಟ್ನಾಮಿನ ಕಡಲಾಚೆಯ ಕಾನ್ ದಾವ್ ದ್ವೀಪಗಳಿಗೂ ಒಂದು ಹಲ್ಲಿಯ ನಂಟಿದೆ. ಫ್ರೆಂಚರು ಕೈದಿಗಳನ್ನು ಕೂಡಿಹಾಕುತ್ತಿದ್ದ ಆ ದ್ವೀಪಗಳ ಪುಟ್ಟ ಹಲ್ಲಿಗೆ 1887ರಲ್ಲಿ ರಷ್ಯಾದ ಪ್ರಾಣಿಶಾಸ್ತ್ರಜ್ಞ ಅಲೆಕ್ಸಾಂಡರ್ ಸ್ಟ್ರೌಖ್ ‘ನೆಮಾಸ್ಪಿಸ್ ಬೌಲೆಂಜರಿ’ ಎಂದು ಹೆಸರಿಟ್ಟರು. ಮುಂದೆ ಏಷ್ಯಾ, ಆಫ್ರಿಕಾಗಳಲ್ಲಿ ಅದರಂತೆ ಕಂಡ ಹಲ್ಲಿಗಳೆಲ್ಲ ಅದೇ ಕುಲಕ್ಕೆ ಸೇರಿದವು.

ನಮ್ಮ ಗೋಡೆಯ ಹಲ್ಲಿಗೆ ಬೆಳಕು ಬಿದ್ದರೆ ಕಣ್ಣುಪಾಪೆ ಸೀಳಿನಂತೆ ಕಿರಿದಾಗುತ್ತದೆ. ನೆಮಾಸ್ಪಿಸ್‌ನ ಪಾಪೆ ದುಂಡಗೆ. ಇವುಗಳಲ್ಲಿ ಹೆಚ್ಚಿನವು ಹಗಲಿನಲ್ಲೇ ಓಡಾಡುತ್ತವೆ. ಬೆರಳಿನಡಿ ಅಗಲವಾದ ಅಂಟುಪಟ್ಟಿ ಇಲ್ಲ. ಸಪೂರ ಬೆರಳುಗಳ ಉಗುರೂರಿ ಬಂಡೆ, ಮರದ ಕಾಂಡ ಹತ್ತುತ್ತವೆ. ಬಣ್ಣ ತೊಗಟೆಯದೇ ಆದ್ದರಿಂದ ಅಲುಗಾಡದಿದ್ದರೆ ಕಣ್ಣಿಗೆ ಬೀಳುವುದೇ ಇಲ್ಲ.

2002ರಲ್ಲಿ ಅಮೆರಿಕದ ಆರನ್ ಬಾವರ್ ಈ ಕುಲದ ಎರಡು ಹೊಸ ಪ್ರಭೇದಗಳನ್ನು ಜಗತ್ತಿಗೆ ಪರಿಚಯಿಸಿದರು. ಎರಡಕ್ಕೂ ತವರು ಗುಂದ. ಒಂದು ನೆಮಾಸ್ಪಿಸ್ ಹೆಟೆರೋಫೋಲಿಸ್. ಅದರ ಬೆನ್ನಲ್ಲಿ ಸಣ್ಣ ಹುರುಪೆಗಳ ನಡುವೆ ದೊಡ್ಡವು ಬೆರೆತಿವೆ. ಇನ್ನೊಂದು ನೆಮಾಸ್ಪಿಸ್ ಇಂದ್ರನೀಲದಾಸಿ, ಉರಗತಜ್ಞ ಇಂದ್ರನೀಲ್ ದಾಸ್ ಅವರ ಗೌರವಾರ್ಥ. ಪ್ರಬಂಧ ಪ್ರಕಟವಾದದ್ದು ಜರ್ಮನಿಯ ಹ್ಯಾಂಬರ್ಗ್ ಪ್ರಾಣಿಶಾಸ್ತ್ರ ವಸ್ತುಸಂಗ್ರಹಾಲಯದ ನಿಯತಕಾಲಿಕದಲ್ಲಿ. ನನ್ನನ್ನು ಕಾಡುವುದು ಇದೇ. ಅಡಿಕೆ ತೋಟದ ಅಂಚಿನ ಜೀವಿಯೊಂದರ ಜಾತಕ ಹ್ಯಾಂಬರ್ಗಿನಲ್ಲಿ ಅಚ್ಚಾಯಿತು. ಹಲ್ಲಿ ಮೈಮೇಲೆ ಬಿದ್ದರೆ ಏನು ಫಲವೆಂದು ಪಂಚಾಂಗ ತಿರುವುವ ನಮಗೆ ಅದರ ಸುದ್ದಿ ಮುಟ್ಟಲೇ ಇಲ್ಲ.

ಆಮೇಲೆ ವಂಶವಾಹಿ ಅಧ್ಯಯನಗಳು ಬಂದವು. ಆಗ್ನೇಯ ಏಷ್ಯಾ, ದಕ್ಷಿಣ ಏಷ್ಯಾ, ಆಫ್ರಿಕಾ ಈ ಮೂರು ಗುಂಪುಗಳು ಬೇರೆಬೇರೆ ಕವಲುಗಳಿಂದ ಬಂದವು, ರೂಪ ಮಾತ್ರ ಒಂದೇ ಎಂದು ತಿಳಿಯಿತು. ಆಫ್ರಿಕಾದವುಗಳನ್ನು 2022ರಲ್ಲಿ ಬೇರೆ ಕುಲಕ್ಕೆ ಸರಿಸಿದರು. ಹಾಗಾಗಿ ದ್ವೀಪದ ಹಲ್ಲಿ ಗುಂದದವಕ್ಕೆ ಹೆಸರು ಕೊಟ್ಟಿದೆ, ಹತ್ತಿರದ ರಕ್ತಸಂಬಂಧಿಯಲ್ಲ.

ಪಶ್ಚಿಮ ಘಟ್ಟದಲ್ಲಿ ಈ ಹಲ್ಲಿಗಳಿಗೆ ಬೆಟ್ಟಗಳೇ ದ್ವೀಪ. ಅನೇಕ ಪ್ರಭೇದಗಳು ಒಂದೆರಡು ಗುಡ್ಡಸಾಲು ಬಿಟ್ಟು ಆಚೆ ಕಾಣುವುದಿಲ್ಲ. ಜೊಯಿಡಾದಲ್ಲಿ ಮನುಷ್ಯ ನಿಜವಾದ ನಡುಗಡ್ಡೆಗಳನ್ನೂ ಮಾಡಿದ್ದಾನೆ. ಕಾಳಿ ನದಿಗೆ ಸೂಪಾ ಅಣೆಕಟ್ಟು ಎದ್ದು, ತಾಲ್ಲೂಕಿಗೆ ಹೆಸರು ಕೊಟ್ಟಿದ್ದ ಸೂಪಾ ಪೇಟೆಯೇ ಮುಳುಗಿತು. ಗುಡ್ಡಗಳ ನೆತ್ತಿಗಳಷ್ಟೇ ನೀರಿನ ಮೇಲೆ ಉಳಿದವು. ಮುಳುಗಿದ ಮನೆಗಳ ಲೆಕ್ಕ ಸರ್ಕಾರಿ ಕಡತದಲ್ಲಿದೆ. ಇಳಿಜಾರಿನ ಬಂಡೆಬಿರುಕುಗಳಲ್ಲಿ ಮೊಟ್ಟೆ ಅಂಟಿಸಿಟ್ಟ ಜೀವಿಗಳ ಲೆಕ್ಕ ಯಾರೂ ಇಡಲಿಲ್ಲ. ಗುಂದದ ಹಲ್ಲಿಗಳಿಗೆ ವೈಜ್ಞಾನಿಕ ಹೆಸರು ಸಿಗುವ ಹೊತ್ತಿಗೆ ಆ ನೀರು ನಿಂತು ದಶಕವೇ ದಾಟಿತ್ತು.

ಪಕ್ಕದ ದಾಂಡೇಲಿಗೆ ಬರುವವರಿಗೆ ಹುಲಿ, ಕಪ್ಪು ಚಿರತೆ, ಮಂಗಟ್ಟೆ ತೋರಿಸುವ ಫಲಕಗಳಿವೆ. ಅವುಗಳಿಗೆ ಬೇರೆ ಕಾಡುಗಳಲ್ಲೂ ನೆಲೆಯಿದೆ. ವಿಜ್ಞಾನದ ದಾಖಲೆಯಲ್ಲಿ ಗುಂದವನ್ನೇ ತವರಾಗಿ ಬರೆಸಿಕೊಂಡ ಈ ಎರಡರ ಚಿತ್ರ, ಹೆಸರು ಕನ್ನಡದಲ್ಲಿ ಗುಂದದ ಶಾಲೆಯ ಗೋಡೆಯ ಮೇಲಾದರೂ ಬರಬೇಕು.