ಕುಸ್ವಾರಿನ ಡಬ್ಬಿ ಮತ್ತು ನೀರಿನ ಲೆಕ್ಕ

ಡಿಸೆಂಬರ್ ಕೊನೆಯ ವಾರ ನೀವು ಮಂಗಳೂರಿನ ಯಾವುದಾದರೂ ಓಣಿಯಲ್ಲಿ ನಿಂತು ನೋಡಿ. ಕ್ರೈಸ್ತರ ಮನೆಗಳಿಂದ ಬಟ್ಟೆ ಮುಚ್ಚಿದ ತಟ್ಟೆಗಳು ಅಕ್ಕಪಕ್ಕದ ಮನೆಗಳಿಗೆ ಹೋಗುತ್ತಿರುತ್ತವೆ. ತಟ್ಟೆಯಲ್ಲಿ ನಮ್ಮ ಕರ್ಜಿಕಾಯಿಯನ್ನು ಹೋಲುವ ನೆವ್ರಿ, ಬಾಚಣಿಗೆಯ ಗೆರೆ ಮೂಡಿದ ಪುಟ್ಟ ಸುರುಳಿಗಳಾದ ಕಿಡ್ಯೊ, ಹೂವಿನಾಕಾರದ ಕೊಕ್ಕಿಸಾಂ, ಎಳ್ಳುಂಡೆ, ಚಕ್ಕುಲಿ ಮತ್ತು ಒಂದು ತುಂಡು ಕೇಕ್. ಇವೆಲ್ಲಕ್ಕೂ ಸೇರಿ ಕೊಂಕಣಿಯಲ್ಲಿ ಒಂದೇ ಹೆಸರು: ಕುಸ್ವಾರ್.

ನಮ್ಮ ಪಕ್ಕದ ಮನೆಯ ಬಾಯಮ್ಮನವರಿಂದ ಆ ತಟ್ಟೆ ಪ್ರತಿ ವರ್ಷವೂ ನಮ್ಮ ಮನೆಗೆ ಬರುತ್ತಿತ್ತು. ದೀಪಾವಳಿಗೆ ನಮ್ಮ ತಟ್ಟೆ ಅವರ ಮನೆಗೆ. ಚಿಕ್ಕಂದಿನಲ್ಲಿ ನನ್ನನ್ನು ಕಾಡುತ್ತಿದ್ದ ಪ್ರಶ್ನೆ ಒಂದೇ. ಆಗಸ್ಟ್ ತಿಂಗಳಲ್ಲಿ ಬಾಯಮ್ಮ ಕೊಡುವ ಪಾತೊಳಿಯನ್ನು "ಇವತ್ತೇ ತಿಂದು ಮುಗಿಸಿ" ಎನ್ನುತ್ತಿದ್ದರು. ಡಿಸೆಂಬರಿನ ನೆವ್ರಿಯನ್ನಾದರೋ ವಾರಗಟ್ಟಲೆ ಇಟ್ಟುಕೊಂಡು ತಿನ್ನುತ್ತಿದ್ದೆವು. ಎರಡರ ಒಳಗೂ ತೆಂಗಿನಕಾಯಿ ಮತ್ತು ಸಿಹಿಯೇ ಇವೆ. ಹಾಗಿದ್ದರೆ ಈ ವ್ಯತ್ಯಾಸವೇಕೆ?

ಮಳೆಗಾಲದ ಅಡುಗೆ

ಕರಾವಳಿಯ ಹಿತ್ತಿಲುಗಳಲ್ಲಿ ಅರಿಶಿನದ ಎಲೆ ಅಗಲವಾಗಿ ಬೆಳೆಯುವುದು ಮಳೆಗಾಲದಲ್ಲಿ. ಅಕ್ಕಿ ಹಿಟ್ಟನ್ನು ಎಲೆಗೆ ಸವರಿ, ಬೆಲ್ಲ ಮತ್ತು ಹಸಿ ತೆಂಗಿನ ತುರಿ ತುಂಬಿ, ಮಡಚಿ ಹಬೆಯಲ್ಲಿ ಬೇಯಿಸಿದರೆ ಪಾತೊಳಿ. ಆಗಸ್ಟ್ 15ರಂದು ಬರುವ ಮರಿಯಮ್ಮನವರ ಹಬ್ಬಕ್ಕೆ ಅನೇಕ ಮನೆಗಳಲ್ಲಿ ಇದನ್ನು ಮಾಡುತ್ತಾರೆ. ಸೆಪ್ಟೆಂಬರ್ 8ರಂದು ಮೊಂತಿ ಹಬ್ಬ, ಅಂದರೆ ತೆನೆ ಹಬ್ಬ. ಇಗರ್ಜಿಯಲ್ಲಿ ಆಶೀರ್ವದಿಸಿ ತಂದ ಹೊಸ ತೆನೆಯ ಕಾಳನ್ನು ಪಾಯಸಕ್ಕೋ ಹಾಲಿಗೋ ಸೇರಿಸಿ ಮನೆಮಂದಿಯೆಲ್ಲ ಸೇವಿಸುತ್ತಾರೆ. ಅಂದು ಮೀನು ಮಾಂಸವಿಲ್ಲ. ಬಾಳೆ ಎಲೆಯ ಮೇಲೆ ಬೆಸ ಸಂಖ್ಯೆಯ ತರಕಾರಿ ಪದಾರ್ಥಗಳ ಊಟ.

ಇವೆಲ್ಲ ಅಂದೇ ಬೇಯಿಸಿ ಅಂದೇ ಉಣ್ಣುವ ಅಡುಗೆಗಳು. ಕ್ರಿಸ್ಮಸ್ ದಿನದ ಊಟದಲ್ಲಿ ಬರುವ ಸನ್ನ ಕೂಡ ಇದೇ ಗುಂಪಿನದು. ನೋಟಕ್ಕೆ ಇಡ್ಲಿಯಂತಿದ್ದರೂ ಸನ್ನ ಉಬ್ಬುವ ಬಗೆ ಬೇರೆ. ಇಡ್ಲಿ ಹಿಟ್ಟನ್ನು ಮುಖ್ಯವಾಗಿ ಉಬ್ಬಿಸುವುದು ಬ್ಯಾಕ್ಟೀರಿಯಗಳು. ಸನ್ನದ ಹಿಟ್ಟಿಗೆ ಹಿಂದಿನಿಂದಲೂ ಶೇಂದಿ ಬೆರೆಸುತ್ತಿದ್ದರು. ಶೇಂದಿಯಲ್ಲಿರುವ ಯೀಸ್ಟ್ ಎಂಬ ಏಕಕೋಶ ಜೀವಿ ಗ್ಲೂಕೋಸಿನ ಒಂದು ಅಣುವಿನಿಂದ ಎಥನಾಲಿನ ಎರಡು ಮತ್ತು ಕಾರ್ಬನ್ ಡೈ ಆಕ್ಸೈಡಿನ ಎರಡು ಅಣುಗಳನ್ನು ಉಂಟುಮಾಡುತ್ತದೆ. ಈ ಅನಿಲವೇ ಹಿಟ್ಟನ್ನು ಹಗುರ ಮಾಡುವುದು. ಶೇಂದಿ ಸಿಗದ ಊರುಗಳಲ್ಲಿ ಇಂದು ಅಂಗಡಿಯ ಯೀಸ್ಟ್ ಬಳಸುತ್ತಾರೆ.

ಇರುವ ನೀರು, ಸಿಗುವ ನೀರು

ಪಾತೊಳಿ ಬೇಗ ಹಾಳಾಗಲು ಕಾರಣ ಅದರಲ್ಲಿರುವ ನೀರು. ಬೂಷ್ಟು, ಬ್ಯಾಕ್ಟೀರಿಯಗಳೂ ನಮ್ಮಂತೆಯೇ ನೀರಿಲ್ಲದೆ ಬದುಕಲಾರವು. ಆದರೆ ಆಹಾರದಲ್ಲಿ ಎಷ್ಟು ನೀರಿದೆ ಎಂಬುದಕ್ಕಿಂತ, ಅದರಲ್ಲಿ ಎಷ್ಟು ಈ ಜೀವಿಗಳಿಗೆ ದೊರೆಯುತ್ತದೆ ಎಂಬುದು ಮುಖ್ಯ. ವಿಜ್ಞಾನಿಗಳು ಇದನ್ನು 0ಯಿಂದ 1ರವರೆಗಿನ ಒಂದು ಅಳತೆಯಿಂದ ಸೂಚಿಸುತ್ತಾರೆ. ಶುದ್ಧ ನೀರಿನ ಬೆಲೆ 1. ಸುಮಾರು 0.90ಕ್ಕಿಂತ ಕೆಳಗೆ ಆಹಾರ ಕೆಡಿಸುವ ಬಹುತೇಕ ಬ್ಯಾಕ್ಟೀರಿಯಗಳು ಬೆಳೆಯಲಾರವು. ಬೂಷ್ಟುಗಳು ಇನ್ನೂ ಗಟ್ಟಿ ಜೀವಗಳು. ಆದರೂ 0.60ಕ್ಕಿಂತ ಕೆಳಗೆ ಯಾವ ಸೂಕ್ಷ್ಮಜೀವಿಯೂ ಬೆಳೆಯುವುದಿಲ್ಲ.

ಈ ಅಳತೆಯನ್ನು ಇಳಿಸಲು ಎರಡು ದಾರಿಗಳಿವೆ. ಒಂದು, ನೀರನ್ನೇ ಹೊರಗೋಡಿಸುವುದು. ಇನ್ನೊಂದು, ಸಕ್ಕರೆ ಅಥವಾ ಉಪ್ಪಿನಿಂದ ನೀರನ್ನು ಹಿಡಿದಿಡುವುದು. ಕುಸ್ವಾರಿನ ತಟ್ಟೆಯಲ್ಲಿ ಎರಡೂ ಇವೆ.

ಕಿಡ್ಯೊವನ್ನು ಕಾದ ಎಣ್ಣೆಗೆ ಬಿಟ್ಟಾಗ ಭರಭರನೆ ಗುಳ್ಳೆ ಏಳುವುದನ್ನು ನೀವು ನೋಡಿರಬಹುದು. ಅದು ಎಣ್ಣೆ ಕುದಿಯುವುದಲ್ಲ. ಹಿಟ್ಟಿನೊಳಗಿನ ನೀರು ಆವಿಯಾಗಿ ಹೊರಬರುವುದು. "ಎಣ್ಣೆಯ ಮಾತು ಕಡಿಮೆಯಾದಾಗ ತೆಗಿ ಮಗಾ" ಎಂದು ಬಾಯಮ್ಮ ಹೇಳುತ್ತಿದ್ದರು. ಗುಳ್ಳೆ ಇಳಿಯಿತೆಂದರೆ ನೀರು ಬಹುಮಟ್ಟಿಗೆ ಹೋಯಿತು ಎಂದೇ ಅರ್ಥ. ಉಷ್ಣಮಾಪಕವಿಲ್ಲದ ಅಡುಗೆಮನೆಯಲ್ಲಿ ಕಿವಿಯೇ ಉಪಕರಣ.

ಕೇಕಿನಲ್ಲಿ ನಡೆಯುವುದು ಎರಡನೆಯ ದಾರಿ. ಅದು ಮೆತ್ತಗಿರುತ್ತದೆ, ಅಂದರೆ ನೀರು ಇದೆ. ಆದರೆ ಸಕ್ಕರೆ, ಒಣದ್ರಾಕ್ಷಿಗಳು ಆ ನೀರಿನ ಹೆಚ್ಚಿನ ಪಾಲನ್ನು ಕಟ್ಟಿಹಾಕಿರುತ್ತವೆ. ಅಂದಹಾಗೆ, ಪ್ಲಮ್ ಕೇಕಿನಲ್ಲಿ ಪ್ಲಮ್ ಹಣ್ಣನ್ನು ಹುಡುಕಬೇಡಿ. ಹಿಂದೆ ಇಂಗ್ಲಿಷಿನಲ್ಲಿ ಒಣದ್ರಾಕ್ಷಿಯನ್ನೂ ಆ ಹೆಸರಿನಿಂದ ಕರೆಯುತ್ತಿದ್ದರು.

ಕ್ಯಾಮೆರಾ ಮಾಡಿದ ಅನಾಹುತ

ಕೆಲವು ವರ್ಷಗಳ ಹಿಂದೆ ಒಂದು ಕಾರ್ಯಕ್ರಮಕ್ಕಾಗಿ ಬಾಯಮ್ಮನವರ ಅಡುಗೆಮನೆಯಲ್ಲೇ ಚಿತ್ರೀಕರಣ ನಡೆಸಿದೆವು. ಹಿಂದೆ ಅವರು ದೊಡ್ಡ ಪಾತ್ರೆಯ ತಳಕ್ಕೆ ಮರಳು ಹರವಿ, ಮುಚ್ಚಳದ ಮೇಲೆ ಕೆಂಡ ಇಟ್ಟು ಕೇಕ್ ಬೇಯಿಸುತ್ತಿದ್ದರು. ಮರಳಿನಿಂದ ಕೆಳಗೆ ಸಮನಾದ ಶಾಖ, ಕೆಂಡದಿಂದ ಮೇಲೆ ಬಣ್ಣ. ಈಗ ವಿದ್ಯುತ್ ಒಲೆ ಬಂದಿದೆ. ಅರ್ಧ ಬೆಂದ ಕೇಕಿನ ಚಿತ್ರ ಚೆನ್ನಾಗಿರುತ್ತದೆಂದು ನಾನು ಬಾಗಿಲು ತೆಗೆಸಿದೆ. "ಈಗ ತೆರೀಬೇಡ ಮಗಾ" ಎಂದರು, ಕೇಳಲಿಲ್ಲ. ಎರಡು ನಿಮಿಷದಲ್ಲಿ ಕೇಕಿನ ನಡುಭಾಗ ಕುಸಿದು ಕೂತಿತು.

ಆದದ್ದು ಇಷ್ಟು. ಬೆಣ್ಣೆ ಮತ್ತು ಸಕ್ಕರೆಯನ್ನು ಚೆನ್ನಾಗಿ ತಿರುವಿದಾಗ ಅದರಲ್ಲಿ ಸಣ್ಣ ಗಾಳಿಗುಳ್ಳೆಗಳು ಸೇರುತ್ತವೆ. ಬೇಕಿಂಗ್ ಪೌಡರ್ ಕೊಡುವ ಅನಿಲ ಆ ಗುಳ್ಳೆಗಳನ್ನೇ ದೊಡ್ಡದು ಮಾಡುತ್ತದೆ. ಶಾಖಕ್ಕೆ ಅವು ಇನ್ನೂ ಹಿಗ್ಗುತ್ತವೆ. ಅಷ್ಟರಲ್ಲಿ ಮೊಟ್ಟೆಯ ಪ್ರೋಟೀನು ಗಟ್ಟಿಯಾಗಿ, ಮೈದಾದ ಪಿಷ್ಟ ನೀರು ಹೀರಿ, ಗುಳ್ಳೆಗಳ ಸುತ್ತ ಗೋಡೆ ಕಟ್ಟಬೇಕು. ಕೊನೆಗೆ ಬೇಯುವುದು ನಡುಭಾಗ. ಗೋಡೆ ನಿಲ್ಲುವ ಮೊದಲೇ ತಣ್ಣನೆಯ ಗಾಳಿ ತಾಗಿದರೆ ಅನಿಲ ಕುಗ್ಗುತ್ತದೆ, ಚಾವಣಿ ಬೀಳುತ್ತದೆ. ಬಾಯಮ್ಮ ಬೈಯಲಿಲ್ಲ. "ಇನ್ನೊಂದು ಮಾಡುವ" ಎಂದು ಮತ್ತೆ ಮೊಟ್ಟೆ ಒಡೆದರು.

ಕಾರಣ ಹೇಳದ ಪಾಕ

ಅಂದು ಕೇಕ್ ಬೇಯುವವರೆಗೆ ಅವರು ಮತ್ತೊಂದು ಸಂಗತಿ ಹೇಳಿದರು. ಅವರ ಮಗಳು ಕುವೈತಿನಲ್ಲಿದ್ದಾಳೆ. ಒಂದು ವರ್ಷ ಊರಿಗೆ ಬರಲಾಗದೆ, ಫೋನಿನಲ್ಲಿ ಅಮ್ಮನನ್ನು ಕೇಳಿ ತಾನೇ ನೆವ್ರಿ ಮಾಡಿದಳು. ಅಲ್ಲಿನ ಗೆಳತಿಯರಿಗೆ ಹಂಚಲೆಂದು ಡಬ್ಬಿಗೆ ತುಂಬಿಟ್ಟಳು. ನಾಲ್ಕನೆಯ ದಿನ ತೆರೆದರೆ ಬೂಷ್ಟು. ಅಮ್ಮ ಹೇಳಿದ್ದು "ಕಾಯಿ ಹುರಿ" ಎಂದು. ಮಗಳು ಎರಡು ನಿಮಿಷ ಹುರಿದಿದ್ದಳು. ತುರಿ ಕೈಗೆ ಅಂಟದೆ ಸರಸರ ಉದುರುವವರೆಗೆ ಹುರಿಯಬೇಕೆಂಬುದು ಅಮ್ಮನ ಕೈಗೆ ಗೊತ್ತಿತ್ತು, ಬಾಯಿಗೆ ಬಂದಿರಲಿಲ್ಲ. ಹುರಿಯುವುದು ರುಚಿಗೆ ಮಾತ್ರವಲ್ಲ, ನೀರು ತೆಗೆಯುವುದಕ್ಕೆ ಎಂದು ಒಂದು ಮಾತು ಸೇರಿಸಿದ್ದರೆ ಆ ಡಬ್ಬಿ ಉಳಿಯುತ್ತಿತ್ತು. "ಅವಳು ಅತ್ತಳು. ನನಗೆ ಹೇಳಲು ಬರಲಿಲ್ಲ" ಎಂದು ಬಾಯಮ್ಮ ಈಗಲೂ ನೊಂದುಕೊಳ್ಳುತ್ತಾರೆ.

ನನ್ನ ಬಾಲ್ಯದ ಪ್ರಶ್ನೆಗೂ ಉತ್ತರ ಇಲ್ಲೇ ಇದೆ. ಪಾತೊಳಿಯಲ್ಲಿ ಹಸಿ ಕಾಯಿ, ನೆವ್ರಿಯಲ್ಲಿ ಒಣಗುವಂತೆ ಹುರಿದ ಕಾಯಿ. ಮೊದಲನೆಯದು ಅಂದೇ ಉಣ್ಣಲು, ಎರಡನೆಯದು ನೆರೆಯವರಿಗೆ, ನೆಂಟರಿಗೆ, ದೂರದ ಮಕ್ಕಳಿಗೆ ತಲುಪಿಸಲು. ಹಂಚುವ ತಿಂಡಿ ಬಾಳಿಕೆ ಬರಬೇಕು. ಗಾಳಿಯಲ್ಲಿ ತೇವ ಕಡಿಮೆಯಿರುವ ಡಿಸೆಂಬರ್ ಇದಕ್ಕೆ ಅನುಕೂಲವೂ ಹೌದು.

ನೀವೂ ಮಾಡಿ ನೋಡಿ

ಹತ್ತು ಚಕ್ಕುಲಿ ತೆಗೆದುಕೊಳ್ಳಿ. ಐದನ್ನು ತಟ್ಟೆಯಲ್ಲಿ ತೆರೆದಿಡಿ, ಐದನ್ನು ಬಿಗಿ ಮುಚ್ಚಳದ ಡಬ್ಬಿಯಲ್ಲಿಡಿ. ಪ್ರಯೋಗಶಾಲೆಯ ತಕ್ಕಡಿಯಲ್ಲಿ ಒಂದು ವಾರ ಪ್ರತಿದಿನ ಎರಡನ್ನೂ ತೂಗಿ, ನಕ್ಷೆ ಬರೆಯಿರಿ. ಯಾವುದರ ತೂಕ ಏರಿತು? ಏರಿದ ತೂಕ ಎಲ್ಲಿಂದ ಬಂತು? ಇದೇ ಪ್ರಯೋಗವನ್ನು ಜುಲೈಯಲ್ಲಿ ಮತ್ತೆ ಮಾಡಿ, ಹೋಲಿಸಿ.

ಇನ್ನೊಂದು ಕೆಲಸವೂ ಇದೆ. ಈ ಸಲದ ಹಬ್ಬಕ್ಕೆ, ಅದು ಯಾವ ಹಬ್ಬವೇ ಆಗಿರಲಿ, ಅಡುಗೆಮನೆಯಲ್ಲಿ ಅಜ್ಜಿಯ ಪಕ್ಕ ನಿಲ್ಲಿ. ಅವರು "ಅಂದಾಜು" ಎಂದಾಗ ಅಳೆದು ಬರೆದುಕೊಳ್ಳಿ, "ಹಾಗೆ ಮಾಡಬೇಕು" ಎಂದಾಗ "ಯಾಕೆ?" ಎಂದು ಕೇಳಿ. ಅವರಿಗೆ ಉತ್ತರ ತಿಳಿಯದಿದ್ದರೆ ನಿಮ್ಮ ಪಠ್ಯಪುಸ್ತಕದಲ್ಲಿ ಹುಡುಕಿ ಅವರಿಗೇ ಹೇಳಿ. ಬಾಯಮ್ಮನ ಮಗಳು ಈಗ ಕಾಯಿ ಚೆನ್ನಾಗಿ ಹುರಿಯುತ್ತಾಳೆ. ಕಳೆದ ವರ್ಷ ಅವಳ ಡಬ್ಬಿ ಕುವೈತಿನಿಂದ ಮಂಗಳೂರಿಗೆ ಬಂತು, ಅದರಲ್ಲಿ ಎರಡು ನೆವ್ರಿ ನಮ್ಮ ಮನೆಗೂ ಸಿಕ್ಕಿತು.