ಬಾಯೊಳಗಿನ ಬೆಸುಗೆ

ಹಲ್ಲುಗಳನ್ನೆಲ್ಲ ಕಳೆದುಕೊಂಡವರ ದವಡೆಯ ಮೂಳೆಯಲ್ಲಿ ದಂತವೈದ್ಯರು ನಾಲ್ಕಾರು ಟೈಟೇನಿಯಂ ತಿರುಪುಗಳನ್ನು ನೆಟ್ಟು, ಅವುಗಳ ಮೇಲೆ ಲೋಹದ ಚೌಕಟ್ಟೊಂದನ್ನು ಕೂರಿಸಿ, ಅದಕ್ಕೆ ಹಲ್ಲಿನ ಸಾಲನ್ನು ಜೋಡಿಸುವುದುಂಟು. ಮೂಳೆಯು ಈ ಲೋಹವನ್ನು ಬಿಗಿಯಾಗಿ ಹಿಡಿದುಕೊಳ್ಳುವುದೆಂಬುದನ್ನು 1950ರ ದಶಕದಲ್ಲಿ ಕಂಡುಕೊಂಡವರು ಸ್ವೀಡನ್ನಿನ ಬ್ರೋನೆಮಾರ್ಕ್. 1965ರಲ್ಲಿ ಅವರು ಮೊದಲ ರೋಗಿಗೆ ಅಂತಹ ತಿರುಪುಗಳನ್ನು ನೆಟ್ಟರು.

ಆ ಬಿಗಿತವೇ ಒಂದು ತೊಡಕನ್ನೂ ತಂದಿತು. ಸಹಜವಾದ ಹಲ್ಲು ಬೇರಿನ ಸುತ್ತಲಿನ ತಂತುಗಳ ದೆಸೆಯಿಂದ ಕೂದಲೆಳೆಯಷ್ಟಾದರೂ ಅಲುಗಬಲ್ಲುದು. ನೆಟ್ಟ ತಿರುಪು ಅಲುಗದು. ಎರಕದಲ್ಲಿ ತುಸು ಸೊಟ್ಟಗಾದ ಚೌಕಟ್ಟನ್ನು ಅದರ ಮೇಲೆ ಬಲವಂತವಾಗಿ ಬಿಗಿದರೆ ತಿರುಪಿಗೂ ಮೂಳೆಗೂ ಸದಾ ಎಳೆತ ತಪ್ಪದು. ಆದುದರಿಂದ ಚೌಕಟ್ಟನ್ನು ಕತ್ತರಿಸಿ, ತುಂಡುಗಳನ್ನು ಸರಿಯಾದ ಸ್ಥಾನದಲ್ಲಿರಿಸಿ, ಮತ್ತೆ ಬೆಸೆಯುವರು. ಇಡಿಯ ಗಟ್ಟಿಯಿಂದಲೇ ಯಂತ್ರವು ಕಡೆದು ತೆಗೆಯುವ ಚೌಕಟ್ಟುಗಳು ಇಂದು ಬಂದಿವೆಯಾದರೂ ಎರಕದವುಗಳಿಗೂ ಮುರಿದುದರ ದುರಸ್ತಿಗೂ ಬೆಸುಗೆ ಬೇಕೇ ಬೇಕು. ಬೆಸೆದ ಸ್ಥಳವು ಮೂಲ ಲೋಹದಷ್ಟು ಬಲವಾಗಿರುವುದೆ?

ಅಕ್ಕಸಾಲಿಗನು ತೆರೆದ ಗಾಳಿಯಲ್ಲಿಯೇ ಚಿನ್ನವನ್ನು ಬೆಸೆಯುವನು. ಟೈಟೇನಿಯಮ್ಮಿಗೆ ಆ ಸೌಕರ್ಯವಿಲ್ಲ. ಅದು ಕರಗುವುದು 1668 ಡಿಗ್ರಿ ಸೆಂಟಿಗ್ರೇಡಿನಲ್ಲಿ. ಅದಕ್ಕೆ ಬಹಳ ಮೊದಲೇ ಗಾಳಿಯ ಆಮ್ಲಜನಕ, ಸಾರಜನಕಗಳನ್ನು ಹೀರಿಕೊಳ್ಳತೊಡಗುವುದು. ವಿಚಿತ್ರವೆಂದರೆ, ಮಿತವಾದ ಆಮ್ಲಜನಕವು ಈ ಲೋಹಕ್ಕೆ ಬಲವನ್ನೇ ಕೊಡುತ್ತದೆ. ಶುದ್ಧ ಟೈಟೇನಿಯಮ್ಮಿನ ಮೊದಲನೆಯ ದರ್ಜೆಯಲ್ಲಿ ಆಮ್ಲಜನಕವು ಹೆಚ್ಚೆಂದರೆ ಶೇಕಡ 0.18, ನಾಲ್ಕನೆಯದರಲ್ಲಿ 0.40, ಕನಿಷ್ಠ ಕರ್ಷಣ ಸಾಮರ್ಥ್ಯವು 240 ಮೆಗಾಪಾಸ್ಕಲಿನಿಂದ 550ಕ್ಕೆ ಏರುವುದು. ಮಿತಿ ಮೀರಿತೆಂದರೆ ಅದೇ ಲೋಹವು ಪೆಡಸಾಗಿ, ಬಾಗುವ ಬದಲು ಬಿರಿಯುವುದು. ಆರ್ಗಾನ್ ಅನಿಲದ ಹೊದಿಕೆಯಲ್ಲಿ ಬೆಸೆಯುವುದು ಇದಕ್ಕಾಗಿಯೇ. ಹೊದಿಕೆ ಸಾಲದಾಯಿತೆ ಎಂಬುದನ್ನು ಬಣ್ಣವೇ ಹೇಳುವುದು: ಬೆಸುಗೆಯಲ್ಲಿ ಬೆಳ್ಳಿಯ ಹೊಳಪಿದ್ದರೆ ಒಳಿತು, ನೀಲಿ, ಬೂದು ಬಣ್ಣಗಳು ಗಾಳಿ ನುಸುಳಿದುದರ ಕುರುಹು.

ಲೇಸರ್ ಕಿರಣವು ಶಾಖವನ್ನು ಚುಕ್ಕೆಯಷ್ಟು ಜಾಗದಲ್ಲಿ ಸುರಿಯುವುದರಿಂದ ಚೌಕಟ್ಟು ಸೊಟ್ಟಗಾಗುವ ಭಯ ಕಡಿಮೆ. ಆದರೆ ಅದು ಆಳಕ್ಕೆ ಇಳಿಯುವುದು ಕಷ್ಟ. ವಿದ್ಯುಚ್ಚಾಪದ ಬೆಸುಗೆ ಆಳಕ್ಕಿಳಿಯುವುದು, ಶಾಖವೂ ಸುತ್ತ ಹರಡುವುದು. ವಾಚಕರು ಒಂದು ಲೆಕ್ಕವನ್ನು ಮಾಡಿ ನೋಡಬಹುದು. 3 ಮಿಲಿಮೀಟರ್ ವ್ಯಾಸದ ಕಂಬಿಯನ್ನು ಸುತ್ತಲೂ 1 ಮಿಲಿಮೀಟರ್ ಆಳಕ್ಕೆ ಬೆಸೆದರೆ, ನಡುವೆ 1 ಮಿಲಿಮೀಟರ್ ವ್ಯಾಸದ ತಿರುಳು ಬೆಸೆಯದೆ ಉಳಿಯುವುದು. ವಿಸ್ತೀರ್ಣದಲ್ಲಿ ಅದು ಒಂಬತ್ತರಲ್ಲಿ ಒಂದು ಪಾಲು. ಬಾಗುವಿಕೆಯನ್ನು ತಡೆಯುವ ಬಿಗುವಿನಲ್ಲಂತೂ ಎಂಬತ್ತೊಂದರಲ್ಲಿ ಒಂದೇ ಪಾಲು ನಷ್ಟ. ಏಕೆಂದರೆ ಬಾಗುವಾಗ ಹೆಚ್ಚಿನ ಭಾರವನ್ನು ಹೊರುವುದು ಹೊರಮೈ.

ಇಷ್ಟೇ ತಾನೆ ಎಂದು ಸುಮ್ಮನಿರುವಂತಿಲ್ಲ. ಆ ಒಳಬಿರುಕಿನ ಚೂಪಾದ ಅಂಚಿನಲ್ಲಿ ಒತ್ತಡವೆಲ್ಲ ಒಟ್ಟುಗೂಡುವುದು. ಅನಿಲದ ಗುಳ್ಳೆ ಸಿಕ್ಕಿಕೊಂಡಿದ್ದರೆ ಅಲ್ಲಿಯೂ ಅಷ್ಟೇ. ಒಂದೇ ಸಲ ಎಳೆದು ಮುರಿಯುವ ಪರೀಕ್ಷೆಯಲ್ಲಿ ಈ ದೋಷ ಎದ್ದು ಕಾಣದಿರಬಹುದು. ಆದರೆ ಬಾಯಿ ಮಾಡುವುದು ಬೇರೆ ಪರೀಕ್ಷೆ: ಕೋಡುಬಳೆಯೋ ಅನ್ನವೋ, ದಿನಕ್ಕೆ ನೂರಾರು ಬಾರಿ ಚಿಕ್ಕ ಚಿಕ್ಕ ಹೊರೆ. ಒಮ್ಮೆಗೆ ಮುರಿಯಲು ಬೇಕಾದುದಕ್ಕಿಂತ ಎಷ್ಟೋ ಕಡಿಮೆ ಹೊರೆಯಲ್ಲಿ ಬಿರುಕು ಬೆಳೆಯುತ್ತ ಹೋಗಿ, ಒಂದು ದಿನ ಊಟದ ನಡುವೆ ಚೌಕಟ್ಟು ಮುರಿಯುವುದು. ಆದುದರಿಂದ ಎರಡು ಬೆಸುಗೆಗಳನ್ನು ಹೋಲಿಸುವವರು ಕಂಬಿಗಳನ್ನು ಲಕ್ಷಗಟ್ಟಲೆ ಸಲ ಬಾಗಿಸಿಯೂ ನೋಡುವರು.

ಜಾಣ ಕೆಲಸಗಾರರು ಕಂಬಿಯ ತುದಿಗಳನ್ನು ಮೊದಲೇ ಇಳಿಜಾರಾಗಿ ಉಜ್ಜಿ, ಕಿರಣವು ತಿರುಳನ್ನು ಮುಟ್ಟುವಂತೆ ಮಾಡಿ, ಆ ಕಂದರವನ್ನು ಟೈಟೇನಿಯಂ ತಂತಿಯಿಂದ ಪದರಪದರವಾಗಿ ತುಂಬುವರು. ಈ ಲೋಹವು ಹಗುರವಾದುದರಿಂದ ಕ್ಷಕಿರಣಗಳು ಅದನ್ನು ಹಾದುಹೋಗುವುವು. ಒಳಗೆ ಗುಳ್ಳೆ ಉಳಿದಿದೆಯೆ ಎಂಬುದನ್ನು ಚೌಕಟ್ಟು ಬಾಯಿಗೇರುವ ಮೊದಲೇ ಚಿತ್ರ ತೆಗೆದು ನೋಡಬಹುದು.