ಓಡುವ ಕಾರಿನೊಳಗಿನ ತಿರುಪು

ಸ್ಪ್ಲೆಂಡರ್ ಬೈಕಿನ ಹಿಂದಿನ ಶಾಕ್ ಅಬ್ಸಾರ್ಬರನ್ನು ಬಗ್ಗಿ ನೋಡಿದರೆ ಸ್ಪ್ರಿಂಗಿನ ತುದಿಯಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಕೊರೆದ ಒಂದು ಬಳೆ ಕಾಣುತ್ತದೆ. ಮೆಟ್ಟಿಲು ಐದು. ಮೆಕ್ಕೆಜೋಳದ ಚೀಲ ಹೇರಿಕೊಂಡು ದಾವಣಗೆರೆ ಪೇಟೆಗೆ ಬರುವವರು ಗ್ಯಾರೇಜಿನಲ್ಲಿ ಪಾನಾ ಹಾಕಿಸಿ ಅದನ್ನು ಒಂದೆರಡು ಮೆಟ್ಟಿಲು ಏರಿಸಿಕೊಳ್ಳುತ್ತಾರೆ. ಸ್ಪ್ರಿಂಗ್ ಬಿಗಿಯಾಗುತ್ತದೆ, ಹಿಂಭಾಗ ಕುಸಿಯುವುದಿಲ್ಲ. ಈ ಕೆಲಸಕ್ಕೆ ಗಾಡಿ ನಿಂತಿರಬೇಕು. ಗಾಡಿ ಓಡುತ್ತಿರುವಾಗಲೇ, ಸವಾರ ಕೂತಲ್ಲಿಂದಲೇ, ಒಂದು ತಿರುಪು ತಿರುಗಿಸಿ ಶಾಕನ್ನು ಬಿಗಿ ಮಾಡುವ, ಸಡಿಲಿಸುವ ಏರ್ಪಾಡು ಬಂದರೆ ಏನಾಗುತ್ತದೆ? ಊರ ರಸ್ತೆಯಲ್ಲಿ ಅದೊಂದು ಅನುಕೂಲ, ಅಷ್ಟೆ. ಮಣ್ಣಿನ ಟ್ರ್ಯಾಕಿನ ರೇಸಿನಲ್ಲಿ ಮಾತ್ರ ಅದು ಯಾರು ಸ್ಪರ್ಧಿಸಬಲ್ಲರು, ಯಾರು ಮನೆಗೆ ಹೋಗಬೇಕು ಎಂಬುದನ್ನೇ ತೀರ್ಮಾನಿಸುವ ವಸ್ತುವಾಗುತ್ತದೆ. ಅದನ್ನು ರೇಸಿನಿಂದ ಹೊರಗಿಡುವುದೇ ಸರಿ ಎಂಬುದು ನನ್ನ ವಾದ.

ಮೊದಲು ಅದರ ಆಸೆ ಏಕೆ ಹುಟ್ಟುತ್ತದೆ ಎಂದು ತಿಳಿಯಬೇಕು. ಡಾಂಬರಿನ ಟ್ರ್ಯಾಕ್ ಬೆಳಿಗ್ಗೆ ಇದ್ದಂತೆಯೇ ಹೆಚ್ಚುಕಡಿಮೆ ಸಂಜೆಯೂ ಇರುತ್ತದೆ. ಮಣ್ಣು ಹಾಗಲ್ಲ. ನೀರು ಹೊಡೆದು ಹದ ಮಾಡಿದ ಮಣ್ಣು ಮೊದಲ ಸುತ್ತುಗಳಲ್ಲಿ ಟೈರನ್ನು ಹಿಡಿದುಕೊಳ್ಳುತ್ತದೆ. ಕಾರುಗಳು ಸುತ್ತಿದಂತೆಲ್ಲ ಒಣಗಿ, ಗಟ್ಟಿಯಾಗಿ, ಕೊನೆಗೆ ಸಗಣಿ ಸಾರಿಸಿದ ಕಣದಂತೆ ನುಣುಪಾಗುತ್ತದೆ. ಹಿಡಿತವಿದ್ದಾಗ ಒಪ್ಪುವ ಶಾಕ್ ನುಣುಪಿಗೆ ಒಪ್ಪುವುದಿಲ್ಲ. ಅಮೆರಿಕದ ಸ್ಪ್ರಿಂಟ್ ಕಾರುಗಳಲ್ಲಿ ಈ ಸಂಕಟ ಅತಿ ಹೆಚ್ಚು. 1978ರಲ್ಲಿ ಶುರುವಾದ ವರ್ಲ್ಡ್ ಆಫ್ ಔಟ್‌ಲಾಸ್ ಸರಣಿಯಲ್ಲಿ ಓಡುವ ಈ ಕಾರುಗಳ ಚಕ್ರಗಳಿಗೆ ಮುಚ್ಚಳವಿಲ್ಲ, ಕಾರಿಗೆ ಗೇರ್‌ಬಾಕ್ಸ್ ಇಲ್ಲ, ಸ್ಟಾರ್ಟರ್ ಕೂಡ ಇಲ್ಲ, ಹಿಂದಿನಿಂದ ಬೇರೊಂದು ಗಾಡಿ ತಳ್ಳಿಯೇ ಚಾಲೂ ಮಾಡಬೇಕು. ಚಾಲಕನೂ ಸೇರಿ ಸುಮಾರು 640 ಕಿಲೋ ತೂಗುವ ಕಾರಿಗೆ 900 ಅಶ್ವಶಕ್ತಿಯ ಆಸುಪಾಸಿನ ಎಂಜಿನ್. ತಲೆಯ ಮೇಲಿನ ದೊಡ್ಡ ರೆಕ್ಕೆಯನ್ನು ಚಾಲಕ ಓಡುತ್ತಲೇ ಹೈಡ್ರಾಲಿಕ್ ಬಲದಿಂದ ಹಿಂದೆ ಮುಂದೆ ಸರಿಸುತ್ತಾನೆ. ರೆಕ್ಕೆಗೆ ಇರುವ ಅವಕಾಶ ಶಾಕಿಗೂ ಏಕಿರಬಾರದು ಎಂಬ ಪ್ರಶ್ನೆ ಅಲ್ಲಿಂದ ಸಹಜವಾಗಿಯೇ ಏಳುತ್ತದೆ.

ಅವಕಾಶ ಕೇಳುವವರ ಮೊದಲ ಮಾತು ಇದು: ಒಂದು ತಿರುಪು, ಒಂದು ಕೇಬಲ್, ತುದಿಯಲ್ಲಿ ಒಂದು ಸೂಜಿ ಕವಾಟ, ಇದಕ್ಕೆ ಎಷ್ಟು ಖರ್ಚಾದೀತು? ಹರಿಹರದಂಥ ಊರಿನಲ್ಲಿ ಈ ಮಾತನ್ನು ಹಗುರವಾಗಿ ತಳ್ಳಿಹಾಕಲಾಗದು. 1941ರಲ್ಲಿ ಮೈಸೂರು ಕಿರ್ಲೋಸ್ಕರ್ ಇಲ್ಲಿ ಲೇತ್‌ಗಳನ್ನು ತಯಾರಿಸಲು ತೊಡಗಿತು. ಕಾರ್ಖಾನೆ ಮುಚ್ಚಿ ಎರಡು ದಶಕ ದಾಟಿದರೂ ತುಂಗಭದ್ರೆಯ ದಂಡೆಯ ಈ ಊರಿನ ಹೆಸರು ಲೇತಿನ ಜೊತೆ ಅಂಟಿಕೊಂಡೇ ಇದೆ. ಒಳ್ಳೆಯ ಟರ್ನರ್ ಒಬ್ಬ ಇಂಥ ತಿರುಪನ್ನು ಒಂದು ದಿನದ ಕೆಲಸವಾಗಿ ಕಡೆದು ಕೊಡಬಲ್ಲ. ತಿರುಪು ಅಗ್ಗ ಎಂಬುದು ನಿಜ.

ಆದರೆ ಖರ್ಚು ಇರುವುದು ತಿರುಪಿನಲ್ಲಿ ಅಲ್ಲ, ಅದರ ಬೆನ್ನಿಗೆ ಬರುವ ಸಾಲಿನಲ್ಲಿ. ಶಾಕ್ ಎಂದರೆ ಎಣ್ಣೆ ತುಂಬಿದ ಕೊಳವೆ, ಅದರೊಳಗೆ ತೂತುಗಳಿರುವ ಪಿಸ್ಟನ್. ಚಕ್ರ ಏರಿಳಿದಾಗ ಎಣ್ಣೆ ಆ ತೂತುಗಳ ಮೂಲಕ ನುಸುಳಬೇಕು. ನುಸುಳಲು ಎಷ್ಟು ಕಷ್ಟಪಡುತ್ತದೋ ಶಾಕ್ ಅಷ್ಟು ಬಿಗಿ. ತಿರುಪಿನ ಪ್ರತಿ ಹೆಜ್ಜೆಗೂ ಸರಿಯಾಗಿ ಸ್ಪಂದಿಸಬೇಕಾದರೆ, ಎಣ್ಣೆ ಕಾದಾಗಲೂ ಆ ಸ್ಪಂದನೆ ಬದಲಾಗದಿರಬೇಕಾದರೆ, ಸಾದಾ ಶಾಕ್ ಸಾಲದು, ಹತ್ತು ಪಟ್ಟು ನಯವಾದ ಕೆಲಸವಿರುವ ಶಾಕ್ ಬೇಕು. ಅದೂ ನಾಲ್ಕು ಚಕ್ರಕ್ಕೆ ನಾಲ್ಕು, ಒಡೆದರೆಂದು ಇನ್ನೊಂದು ಜೊತೆ. ಎಷ್ಟನೇ ಸುತ್ತಿನಲ್ಲಿ ಎಷ್ಟು ತಿರುಗಿಸಬೇಕು ಎಂಬುದು ಊಹೆಯಿಂದ ಬರುವುದಿಲ್ಲ. ಅದಕ್ಕೆ ಶಾಕನ್ನು ಅಳೆಯುವ ಯಂತ್ರ ಬೇಕು, ಬಾಡಿಗೆಗೆ ಹಿಡಿದ ಟ್ರ್ಯಾಕಿನಲ್ಲಿ ಅಭ್ಯಾಸದ ದಿನಗಳು ಬೇಕು, ಆ ದಿನಗಳಿಗೆ ಟೈರು, ಇಂಧನ, ಸಂಬಳದ ಪರಿಣತ ಬೇಕು. ಒಬ್ಬ ಇದನ್ನೆಲ್ಲ ಮಾಡಿ ಅರ್ಧ ಸೆಕೆಂಡು ಗೆದ್ದ ದಿನ ಉಳಿದವರೂ ಮಾಡಲೇಬೇಕಾಗುತ್ತದೆ. ಎಲ್ಲರೂ ಮಾಡಿದ ಮೇಲೆ ಆ ಅರ್ಧ ಸೆಕೆಂಡು ಯಾರ ಬಳಿಯೂ ಉಳಿಯುವುದಿಲ್ಲ, ಖರ್ಚು ಮಾತ್ರ ಎಲ್ಲರ ಬಳಿಯೂ ಉಳಿಯುತ್ತದೆ. ನನಗೆ ಅತ್ಯಂತ ಅನ್ಯಾಯವಾಗಿ ಕಾಣುವುದು ಇದೇ. ನೋಡುಗರಿಗೆ ರೇಸಿನ ಸೊಗಸು ಒಂದಿಷ್ಟೂ ಹೆಚ್ಚಿರುವುದಿಲ್ಲ, ಆದರೆ ಹಿಂದಿನ ಸಾಲಿನ ಎರಡು ಮೂರು ಕಾರು ಮುಂದಿನ ವರ್ಷ ಬರುವುದಿಲ್ಲ.

ನಮಗೂ ಇದಕ್ಕೂ ಏನು ಸಂಬಂಧ ಎನ್ನಬಹುದು. ಸ್ಪ್ರಿಂಟ್ ಕಾರು ನಮ್ಮಲ್ಲಿಲ್ಲ, ಸರಿ. ಆದರೆ ತೆರೆದ ಚಕ್ರದ, ಒಬ್ಬರೇ ಕೂರುವ, ಮಣ್ಣಿನಲ್ಲಿ ಓಡುವ ಕಾರು ಭಾರತದ ಎಂಜಿನಿಯರಿಂಗ್ ಕಾಲೇಜುಗಳಲ್ಲಿ 2007ರಿಂದ ತಯಾರಾಗುತ್ತಿದೆ. ಅದು ಬಾಹಾ ಎಸ್‌ಎಇ ಇಂಡಿಯಾ ಸ್ಪರ್ಧೆ. 1976ರಲ್ಲಿ ಅಮೆರಿಕದ ಸೌತ್ ಕೆರೊಲಿನಾ ವಿಶ್ವವಿದ್ಯಾಲಯದಲ್ಲಿ ಹುಟ್ಟಿದ ಕಲ್ಪನೆ ಅದು. ವಿದ್ಯಾರ್ಥಿಗಳು ಪೈಪು ಬೆಸೆದು ಚೌಕಟ್ಟು ಕಟ್ಟುತ್ತಾರೆ, ಮಧ್ಯಪ್ರದೇಶದ ಪೀಥಂಪುರದಂಥ ಕಡೆ ಒಯ್ದು ಗುಂಡಿ, ದಿಬ್ಬ, ಕಲ್ಲುಗಳ ಮೇಲೆ ನಾಲ್ಕು ತಾಸು ಓಡಿಸುತ್ತಾರೆ. ಈ ಸ್ಪರ್ಧೆಯ ವಿವೇಕವೆಲ್ಲ ಒಂದು ನಿಯಮದಲ್ಲಿದೆ: ಪೆಟ್ರೋಲ್ ವಿಭಾಗದಲ್ಲಿ ಎಲ್ಲರಿಗೂ ಬ್ರಿಗ್ಸ್ ಅಂಡ್ ಸ್ಟ್ರಾಟನ್ನಿನ ಅದೇ 10 ಅಶ್ವಶಕ್ತಿಯ ಎಂಜಿನ್. ಅದನ್ನು ಬಿಚ್ಚಿ ತಿದ್ದುವಂತಿಲ್ಲ. ಕಾರಿಗೆ ತಗುಲಿದ ವೆಚ್ಚದ ವರದಿಗೂ ಅಂಕವಿದೆ. ಎಂಜಿನ್ನಿನಲ್ಲಿ ಹಣ ಸುರಿಯುವ ಬಾಗಿಲು ಮುಚ್ಚಿದಾಗ ಹಣ ಹುಡುಕುವ ಮುಂದಿನ ಬಾಗಿಲು ಶಾಕ್. ಹೊರದೇಶದಿಂದ ಬರುವ, ಸ್ಪ್ರಿಂಗಿನ ಬದಲು ಗಾಳಿ ತುಂಬಿದ ಫಾಕ್ಸ್ ಶಾಕ್‌ಗಳನ್ನು ಹಾಕಿಕೊಳ್ಳುವ ತಂಡಗಳಿವೆ. ಅವನ್ನೂ ಕಾರು ನಿಂತಾಗ ಕೈಪಂಪಿನಿಂದ ಹೊಂದಿಸಬೇಕು. ಅಲ್ಲಿಗೆ ನಿಂತರೆ ಬಾಧೆಯಿಲ್ಲ. ಸೀಟಿನ ಪಕ್ಕದ ತಿರುಪಿಗೆ ದಾರಿಯಾದರೆ 1951ರ ಯುಬಿಡಿಟಿ, 1979ರ ಬಿಐಇಟಿಯಂಥ ದಾವಣಗೆರೆಯ ಕಾಲೇಜಿನಿಂದ, ತಮ್ಮ ತಮ್ಮಲ್ಲೇ ಚಂದಾ ಎತ್ತಿ ಕಾರು ಕಟ್ಟಲು ಹೊರಡುವ ಹುಡುಗ ಹುಡುಗಿಯರು ದೊಡ್ಡ ಪ್ರಾಯೋಜಕರಿರುವ ತಂಡದ ಎದುರು ಆರಂಭದಲ್ಲೇ ಸೋತಿರುತ್ತಾರೆ.

ನಿಷೇಧ ಹೊಸತನವನ್ನು ಕೊಲ್ಲುತ್ತದೆ ಎಂಬ ಆಕ್ಷೇಪ ಗಂಭೀರವಾದದ್ದು, ಅದರಲ್ಲೂ ಕಲಿಯುವವರ ಸ್ಪರ್ಧೆಯಲ್ಲಿ. ಫಾರ್ಮುಲಾ ಒನ್ ಉದಾಹರಣೆ ನೋಡಬಹುದು. 1992ರಲ್ಲಿ ಕಂಪ್ಯೂಟರೇ ಸಸ್ಪೆನ್ಷನ್ ನಡೆಸುವ ವಿಲಿಯಮ್ಸ್ ಎಫ್‌ಡಬ್ಲ್ಯೂ14ಬಿ ಕಾರಿನಲ್ಲಿ ನೈಜೆಲ್ ಮ್ಯಾನ್ಸೆಲ್ 16 ರೇಸುಗಳಲ್ಲಿ 9 ಗೆದ್ದರು. 1994ಕ್ಕೆ ಆ ತಂತ್ರವನ್ನೇ ನಿಷೇಧಿಸಲಾಯಿತು. ಆ ವಿದ್ಯೆ ಅದರಿಂದ ಸಾಯಲಿಲ್ಲ. ಓಡುತ್ತಲೇ ಬಿಗಿ ಬದಲಿಸಿಕೊಳ್ಳುವ ಶಾಕ್‌ಗಳು ಇಂದು ರಸ್ತೆಯ ದುಬಾರಿ ಕಾರುಗಳಲ್ಲಿವೆ. ಪ್ರಯೋಗಕ್ಕೆ ಪ್ರಯೋಗಾಲಯವಿದೆ, ಅಂತಿಮ ವರ್ಷದ ಪ್ರಾಜೆಕ್ಟ್ ಇದೆ. ತಿರುಪನ್ನು ಅಲ್ಲಿ ಧಾರಾಳವಾಗಿ ಕಟ್ಟಲಿ. ಇನ್ನೂ ಒಂದು ಮಾತಿದೆ. ತಿರುಪು ಇಲ್ಲದ ತಂಡ ಮಣ್ಣನ್ನು ಓದಲೇಬೇಕು: ಇದು ಯಾವಾಗ ಒಣಗೀತು, ಕೊನೆಯ ತಾಸಿನಲ್ಲಿ ಹೇಗಿದ್ದೀತು, ಮೊದಲಿಗೆ ಸ್ವಲ್ಪ ನಷ್ಟವಾದರೂ ಕೊನೆಗೆ ಒದಗುವ ಹೊಂದಿಕೆ ಯಾವುದು. ಮುಂಗಾರಿಗೆ ಮುಂಚೆ ಹೊಲದ ಹದ ನೋಡುವ ರೈತನ ಲೆಕ್ಕದಂಥ ಲೆಕ್ಕ ಅದು. ಎಂಜಿನಿಯರಿಂಗ್ ಎಂದರೆ ಇಂಥ ತೀರ್ಮಾನವೇ.

ಚಾಲಕನ ಸುರಕ್ಷೆಯ ಪ್ರಶ್ನೆಗೆ ನಾನು ಅರ್ಧ ತಲೆಬಾಗುತ್ತೇನೆ. ಮುಂದಿನ ಮತ್ತು ಹಿಂದಿನ ಬ್ರೇಕಿನ ಪಾಲು ಬದಲಿಸುವ ತಿರುಪು ಸೀಟಿನ ಬಳಿ ಇರಲಿ. ಅದು ಅಗ್ಗ, ಕಾರು ಜಾರುವಾಗ ನೇರವಾಗಿ ನೆರವಾಗುತ್ತದೆ, ಅದರ ಬೆನ್ನಿಗೆ ಖರ್ಚಿನ ಸಾಲು ಹುಟ್ಟುವುದಿಲ್ಲ. ಶಾಕಿನ ತಿರುಪಿಗೆ ಈ ವಾದ ಹೊಂದದು. ಗುಂಡಿಗಳ ಮೇಲೆ ಕಾರು ಎಗರುತ್ತಿರುವಾಗ ಒಂದು ಕೈ ಸ್ಟಿಯರಿಂಗ್ ಬಿಟ್ಟು ಹೊಂದಿಕೆಯ ಲೆಕ್ಕ ಹಾಕುತ್ತಿದ್ದರೆ ಅಪಾಯ ಹೆಚ್ಚೇ.

ನಿಷೇಧಿಸಿದರೂ ಬಚ್ಚಿಟ್ಟುಕೊಂಡು ತರುತ್ತಾರೆ ಎನ್ನುವವರಿಗೆ ಅಮೆರಿಕದ ಇಮ್ಕಾ ಸಂಸ್ಥೆಯ ಮಾಡಿಫೈಡ್ ಕಾರುಗಳ ಕಡೆ ಕೈ ತೋರಿಸಬಹುದು. ಇವುಗಳ ಮುಂದಿನ ಚಕ್ರಗಳೂ ತೆರೆದೇ ಇರುತ್ತವೆ, ಓಡುವುದೂ ಮಣ್ಣಿನಲ್ಲೇ, ಈ ವಿಭಾಗ 1979ರಲ್ಲಿ ಶುರುವಾದದ್ದು. ಅಲ್ಲಿ ಚಕ್ರಕ್ಕೊಂದರಂತೆ ಉಕ್ಕಿನ ಶಾಕ್, ಅದೂ ಹೊಂದಿಸಲು ಬಾರದ್ದು. ಎಂಜಿನ್ನಿಗಂತೂ ಇನ್ನೂ ಸರಳ ಉಪಾಯ: ರೇಸ್ ಮುಗಿದ ಮೇಲೆ ಸೋತವನು ಗೆದ್ದವನ ಎಂಜಿನ್ನನ್ನು ನಿಗದಿತ ಬೆಲೆಗೆ ಕೇಳಿ ಪಡೆಯಬಹುದು. ಹಾಗೆ ಕಳೆದುಕೊಳ್ಳಬೇಕಾಗಬಹುದಾದ ವಸ್ತುವಿಗೆ ಯಾರೂ ಲಕ್ಷಗಟ್ಟಲೆ ಸುರಿಯುವುದಿಲ್ಲ. ನಮ್ಮ ನೆರೆಯಲ್ಲೂ ಇಂಥ ಬುದ್ಧಿ ಇತ್ತು. ಕೊಯಮತ್ತೂರಿನ ಎಸ್. ಕರಿವರ್ಧನ್ 1980ರ ದಶಕದ ಕೊನೆಗೆ ಮಾರುತಿ 800ರ ಎಂಜಿನ್ ಇಟ್ಟು ಫಾರ್ಮುಲಾ ಮಾರುತಿ ಕಾರುಗಳನ್ನು ಕಟ್ಟಿದರು. ಊರ ಗ್ಯಾರೇಜಿನಲ್ಲೇ ಬಿಡಿಭಾಗ ಸಿಗುವ ಆ ಕಾರುಗಳಿಂದ ತೆರೆದ ಚಕ್ರದ ರೇಸು ಸಾಧಾರಣ ಕೈಗಳಿಗೂ ಎಟುಕಿತು. ಬಾಹಾದಂಥ ಸ್ಪರ್ಧೆಗೆ ಬೇಕಾದ ನಿಯಮ ಒಂದು ಸಾಲಿನದು: ಶಾಕ್ ಹೊಂದಿಸಬೇಕೆಂದರೆ ಕಾರು ನಿಲ್ಲಬೇಕು, ಚಾಲಕ ಇಳಿಯಬೇಕು, ಕೈಯಲ್ಲಿ ಪಾನಾ ಅಥವಾ ಪಂಪು ಇರಬೇಕು. ಪರಿಶೀಲಕರು ಸೀಟಿನಿಂದ ಶಾಕಿನವರೆಗೆ ಕೇಬಲ್, ಕೊಳವೆ, ತಂತಿ ಏನಾದರೂ ಹಾದಿದೆಯೇ ಎಂದು ಕೈಯಾಡಿಸಿ ನೋಡಿದರೆ ಸಾಕು.